ಮಾಸ್ತಿ ಮಾವನ ನೀಲಿ ಡಬ್ಬಿ

ನಮ್ಮ ಮಾವನ ಯಾವ ಸಾಮಾನಿಗೂ ತುಕ್ಕು ಹಿಡಿದದ್ದನ್ನು ನಾನು ನೋಡಿಲ್ಲ. ಮಾವಳ್ಳಿಯಲ್ಲಿ ಸಮುದ್ರಕ್ಕೆ ಇಷ್ಟು ಹತ್ತಿರ ಇರುವವರಿಗೆ ಇದು ಸಣ್ಣ ಸಂಗತಿಯಲ್ಲ. ಇಲ್ಲಿ ಕಿಟಕಿಯ ಸರಳು ಪುಡಿಯಾಗಿ ಉದುರುತ್ತದೆ. ಹೊಸ ಬೀಗಕ್ಕೆ ಒಂದು ಮಳೆಗಾಲ ಕಳೆದರೆ ಕೀಲಿ ತಿರುಗುವುದಿಲ್ಲ. ಮಾವನ ಗಾಳಗಳು ಮಾತ್ರ ನಾನು ಮದುವೆಯಾಗಿ ಬಂದಾಗ ಹೇಗಿದ್ದವೋ ಹಾಗೇ ಇದ್ದವು.

ಅದಕ್ಕೆ ಕಾರಣ ಒಂದು ತಗಡಿನ ಡಬ್ಬಿ. ಮೀನಿಗೆ ಹೋಗುತ್ತಿದ್ದಾಗ ಬೆಂಕಿಪೊಟ್ಟಣ, ಟಾರ್ಚಿನ ಸೆಲ್ಲು, ಗಾಳ, ಆಮೇಲೆ ಮೊಬೈಲು, ಎಲ್ಲವನ್ನೂ ಅದರೊಳಗೆ ಇಡುತ್ತಿದ್ದರು. ಉಪ್ಪುಗಾಳಿ ನುಗ್ಗದಂತೆ ಮುಚ್ಚಳದ ಅಂಚಿಗೆ ಸೈಕಲ್ ಟ್ಯೂಬಿನ ಪಟ್ಟಿ. ದೋಣಿಗೆ ಬಳಿದು ಉಳಿದ ನೀಲಿ ಬಣ್ಣವೇ ಡಬ್ಬಿಗೂ. ಮೊಣಕಾಲು ನೋವಿಗೆ ದೋಣಿ ಬಿಟ್ಟ ಮೇಲೂ ಅಭ್ಯಾಸ ಬಿಡಲಿಲ್ಲ. ಸಕ್ಕರೆ ಇರಲಿ, ಮಗುವಿನ ಪೌಡರ್ ಇರಲಿ, "ಮುಚ್ಚಳ ಹಾಕ್ದ್ಯಾ?" ಎಂದು ಕೇಳದೆ ಮುಂದೆ ಹೋಗುವವರಲ್ಲ. "ಇವ್ರು ಬಿಟ್ರೆ ನಂಗೂ ಒಂದು ಮುಚ್ಚಳ ಹಾಕ್ತಿದ್ರು" ಎಂದು ಅತ್ತೆ ದುರ್ಗಮ್ಮ ನಗುತ್ತಿದ್ದರು.

ನನ್ನ ಗಂಡ ದಿನೇಶ ರತ್ನಾಗಿರಿಯ ಬೋಟಿನಲ್ಲಿದ್ದಾರೆ. ಬೋಟು ಬಂದರಿನ ಧಕ್ಕೆಗೆ ಬಂದು ನಿಂತಾಗಲಷ್ಟೇ ಫೋನು. ಬೋಟಿನಿಂದ ಧಕ್ಕೆಯ ಕಟ್ಟೆಗೆ ಹತ್ತಿದರೆ ಸಿಗ್ನಲ್ ಇನ್ನೂ ಚೆನ್ನಾಗಿ ಸಿಗುತ್ತದೆ. ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ, ತೆಂಗಿನ ಮರದ ಬುಡಕ್ಕೆ ಹೋಗಿ ನಿಲ್ಲಬೇಕು. ಹಾಗಾಗಿ ವೈಫೈ ಹಾಕಿಸಿದೆವು. ಮೊದಲನೆಯ ರೂಟರು ಒಂದೇ ಮಳೆಗಾಲಕ್ಕೆ ಸತ್ತಿತು. ಎರಡನೆಯದು ಬಂದ ದಿನ ಮಾವ ಯಾರಿಗೂ ಏನೂ ಹೇಳದೆ ನೀಲಿ ಡಬ್ಬಿ ಖಾಲಿ ಮಾಡಿದರು. ಹಿಂದೆ ವಯರಿಗೊಂದು ತೂತು ಕೊರೆದು, ರೂಟರನ್ನು ಒಳಗೆ ಮಲಗಿಸಿ, ಮುಚ್ಚಳ ಒತ್ತಿ ಎದುರಿನ ಕೋಣೆಯಲ್ಲಿಟ್ಟರು. ಅದಕ್ಕೆ ಮತ್ತೆ ಏನೂ ಆಗಲಿಲ್ಲ. ಮಾವನ ಬುದ್ಧಿಯನ್ನು ಎಲ್ಲರೂ ಹೊಗಳಿದರು, ಎಲ್ಲರಿಗಿಂತ ಹೆಚ್ಚು ನಾನು. ಎದುರಿನ ಕೋಣೆ ದಾಟಿದರೆ ವಿಡಿಯೋ ನಿಂತುಬಿಡುತ್ತಿತ್ತು, ನಿಜ. ಅದಕ್ಕೆ ನಾವು ಕಂಪನಿಯನ್ನು ಬೈದೆವು, ಮಳೆಯನ್ನು ಬೈದೆವು, ರತ್ನಾಗಿರಿಯನ್ನು ಬೈದೆವು.

ಹೋದ ಮಳೆಗಾಲದಲ್ಲಿ ಅತ್ತೆ ಹಾಸಿಗೆ ಹಿಡಿದರು. ಒಳಕೋಣೆಯ ಮಂಚದಿಂದ ಅಲುಗಾಡಿಸಬಾರದು ಎಂದಿದ್ದರು ಡಾಕ್ಟರು. ಒಂದು ಸಂಜೆ ದಿನೇಶನ ಫೋನು ಬಂತು. ಅತ್ತೆಯ ಮುಖದ ಹತ್ತಿರ ಹಿಡಿದೆ. ಮಗನ ಮುಖ ಬಂತು, ಬಾಯಿ ಅರ್ಧ ತೆರೆದಲ್ಲೇ ನಿಂತಿತು. ಅತ್ತೆ ಆ ನಿಂತ ಮುಖವನ್ನು ಬೆರಳಿನಿಂದ ಸವರುತ್ತಾ ಕೇಳಿದರು, "ಇಂವ ಎಂತಕ್ಕೆ ಮಾತಾಡುದಿಲ್ಲ? ಸಿಟ್ಟಾ?"

"ನೆಟ್‌ವರ್ಕ್ ಇಲ್ಲ ಅತ್ತೆ, ಆಮೇಲೆ ಮಾಡ್ತಾರೆ" ಎಂದೆ.

ಬೆಳಗಾಗುವಷ್ಟರಲ್ಲಿ ಅತ್ತೆ ಇರಲಿಲ್ಲ. ದಿನೇಶ ಬಂದು ಮುಟ್ಟಿದಾಗ ಎಲ್ಲ ಮುಗಿದಿತ್ತು. ಎಂದೂ ದನಿ ಎತ್ತದ ಮಾವ ಅಂದು ಅಂಗಳದಲ್ಲಿ ನೆಂಟರೆದುರಿಗೇ ಮಗನನ್ನು ಕೇಳಿದರು, "ಧಕ್ಕೆ ಮೇಲೆ ಹತ್ತಿ ಮಾತಾಡಿದ್ರೆ ನಿಂಗೆ ಎಂತ ಆತಿತ್ತು? ಅಷ್ಟೂ ಆತಿಲ್ಲಾಗಿತ್ತಾ?" ದಿನೇಶ ತಲೆ ಎತ್ತಲಿಲ್ಲ. ಆಮೇಲೆ ಅಪ್ಪ, ಮಗ ಮಾತಾಡುವುದು ಊಟ ಆಯಿತಾ, ಮೀನು ಬಿತ್ತಾ ಎನ್ನುವಷ್ಟಕ್ಕೇ ನಿಂತಿತು.

ಈಗ ನನ್ನ ಮಗಳು ಅಂಕಿತಾಳಿಗೆ ಮಾತು ಬಂದಿದೆ. ಫೋನಿನಲ್ಲಿ ಮುಖ ನಿಂತರೆ "ಅಪ್ಪ ನಿಂತೋದ" ಎಂದು ಫೋನನ್ನು ಕೆಳಗಿಟ್ಟು ಆಟಕ್ಕೆ ಹೋಗುತ್ತಾಳೆ. ಅಪ್ಪನೆಂದರೆ ನಿಂತುಹೋಗುವ ಮುಖ ಎಂದು ಅವಳು ತಿಳಿದುಬಿಟ್ಟರೆ? ಹೊಸ ರೂಟರು ಹಾಕಿಸಬೇಕೋ ಬೇಡವೋ ಎಂದು ಲೈನು ಹಾಕಿಕೊಟ್ಟ ಉಮೇಶನನ್ನು ಕೇಳಿದೆ. "ರೂಟರಿನ ಅಡಿಗೆ ಒಂದು ನಂಬರ್ ಇರ್ತದೆ, ಓದಿ ಹೇಳಿ ಸುಚಿತಕ್ಕ. ಹಳೇ ನಮೂನೆದಾದ್ರೆ ಬದಲಾಯಿಸುವ" ಎಂದ.

ಮಾವ ಬಲೆ ಕಟ್ಟಲು ಹೊರಗೆ ಹೋಗಿದ್ದರು. ಡಬ್ಬಿಯ ಮುಚ್ಚಳ ತೆಗೆದು, ವಯರು ಬಿಚ್ಚದೆಯೇ ರೂಟರನ್ನು ಕಿಟಕಿಯ ಬೆಳಕಿಗೆ ಇಟ್ಟು ನಂಬರು ಓದುತ್ತಿದ್ದೆ. ಅಷ್ಟರಲ್ಲಿ ದಿನೇಶನ ಫೋನು ಬಂತು. ಅಂಕಿತಾ ಅದನ್ನು ಕಸಿದುಕೊಂಡು ಒಳಕೋಣೆಗೆ ಓಡಿದಳು. ಹಿಂದೆಯೇ ಹೋದೆ. ಅತ್ತೆಯ ಮಂಚದ ಮೇಲೆ ಕೂತ ಮಗಳ ಕೈಯಲ್ಲಿ ದಿನೇಶ ನಗುತ್ತಿದ್ದರು. ಗಲ್ಲದ ಮೇಲಿನ ಗಾಯದ ಗುರುತು ಕಾಣುತ್ತಿತ್ತು. ಹಿಂದೆ ಯಾರೋ ಮೀನಿನ ಬುಟ್ಟಿ ತೊಳೆಯುವುದೂ ಕಾಣುತ್ತಿತ್ತು.

"ಹೊಸದು ಹಾಕ್ಸಿದ್ಯಾ? ಎಷ್ಟು ಚಂದ ಕಾಣ್ತದೆ!" ಎಂದರು.

ನಾನು ಹೊಸದು ಹಾಕಿಸಿರಲಿಲ್ಲ, ಡಬ್ಬಿಯ ಮುಚ್ಚಳ ತೆಗೆದಿದ್ದೆ ಅಷ್ಟೆ. ಎದುರಿನ ಕೋಣೆಗೆ ಬಂದು ರೂಟರನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಒಳಗಿನಿಂದ ಮಗಳ ದನಿ: "ಅಪ್ಪ ನಿಂತೋದ." ತೆಗೆದೆ. ಅವಳು ನಕ್ಕಳು.

ದಿನೇಶನಿಗೆ ಹೇಳದಿರಲು ಆಗಲಿಲ್ಲ. ಈ ಸಲ ಮುಖ ನಿಂತದ್ದು ನೆಟ್‌ವರ್ಕಿನಿಂದಲ್ಲ. "ಅವತ್ತು ನಾ ಧಕ್ಕೆ ಮೇಲೇ ಇದ್ದೆ ಸುಚಿತಾ" ಎಂದರು. "ಅಮ್ಮ ಅಮ್ಮ ಅಂತ ಕೂಗ್ತಾ ಇದ್ದೆ." ಆಮೇಲೆ ಹೇಳಿದರು, "ಅಪ್ಪಂಗೆ ಹೇಳ್ಬೇಡ. ಹೊಸದೇ ತಗೋ."

ರೂಟರು ಸರಿಯಾಗಿಯೇ ಇದೆ. ಸರಿಯಿರುವುದನ್ನು ಎಸೆದು ಹೊಸದು ತರುವವಳಲ್ಲ ನಾನು. ಆದರೆ ಹಳೆಯದನ್ನೇ ಹೊರಗಿಟ್ಟರೆ ಮಾವ ಯಾಕೆಂದು ಕೇಳುತ್ತಾರೆ. ಹೊಸದಾದರೆ, ಇದರ ನಮೂನೆಯೇ ಬೇರೆ, ಮುಚ್ಚಿದರೆ ಬಿಸಿಯಾಗಿ ಸುಡುತ್ತದೆ ಎನ್ನಬಹುದು. ಉಮೇಶನಿಗೂ ಹಾಗೇ ಹೇಳಿಕೊಟ್ಟೆ.

ಅವನು ಬಂದು ಗೋಡೆಯ ಮೇಲೆ ಹೊಸದನ್ನು ಕೂರಿಸುವಷ್ಟರಲ್ಲಿ ಮಾವ ನೀಲಿ ಡಬ್ಬಿ ಒರೆಸಿ, ಅಂಚಿಗೆ ಹೊಸ ಟ್ಯೂಬಿನ ಪಟ್ಟಿ ಅಂಟಿಸಿ ಸಿದ್ಧವಾಗಿ ನಿಂತಿದ್ದರು.

"ಬೇಡ ಅಜ್ಜ, ಇದು ಹೊಸ ನಮೂನೆದು. ಮುಚ್ಚಿದ್ರೆ ಸುಟ್ಟೋಗ್ತದೆ."

"ಉಪ್ಪುಗಾಳಿ ತಾಗಿದ್ರೆ?"

"ತಾಗಿದ್ರೆ ಬೇರೆ ಕೊಡ್ವ. ತಗಡೊಳಗೆ ಇಟ್ರೆ ಸಿಗ್ನಲ್ಲೇ..." ಎಂದವನು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ಮಾವ ಡಬ್ಬಿಯನ್ನು ನೋಡಿದರು, ಆಮೇಲೆ ನನ್ನನ್ನು. "ಹಳೇದಕ್ಕೂ ಹೀಂಗೇನಾ?"

"ಇಲ್ಲ ಮಾವ. ಅದು ಬೇರೆ ನಮೂನೆದು."

"ಆತು" ಎಂದರು. ಅವರ ಕಣ್ಣು ಒಳಕೋಣೆಯ ಬಾಗಿಲಿಗೆ ಹೋಗಿ ಅಲ್ಲೇ ನಿಂತಿತು.

ಸಂಜೆ ದಿನೇಶನ ಫೋನು ಬಂದಾಗ ಅಂಕಿತಾ ಮತ್ತೆ ಆ ಮಂಚದ ಮೇಲೆಯೇ ಕೂತಳು. ಮಾವ ಹೊಸ್ತಿಲಲ್ಲಿ ನಿಂತು ಮಗನ ಮುಖ ಅಲುಗಾಡುವುದನ್ನು ನೋಡುತ್ತಿದ್ದರು. "ಅಜ್ಜಾ ಬಾ" ಎಂದು ಮಗಳು ಕರೆದರೂ ಒಳಗೆ ಬರಲಿಲ್ಲ. ಅಲ್ಲಿಂದಲೇ ಮಗನನ್ನು ಕೇಳಿದರು, "ತಮಾ, ಅವತ್ತು ನೀ ಎಲ್ಲಿಂದ ಮಾತಾಡ್ದೆ?"

ದಿನೇಶ ತಡವರಿಸಿದರು. "ಕೆಳಗಿದ್ದೆ ಅಪ್ಪ. ಬೋಟಲ್ಲೇ."

ಮಾವ ತಲೆಯಾಡಿಸಿ ಹೊರಗೆ ಹೋದರು. ನಾವಿಬ್ಬರೂ ಸುಳ್ಳು ಹೇಳಿದೆವು. ಇಬ್ಬರಿಗೂ ಚೆನ್ನಾಗಿ ಹೇಳಲು ಬರಲಿಲ್ಲ.

ಇವತ್ತು ಬೆಳಿಗ್ಗೆ ಜಗಲಿ ಗುಡಿಸುವಾಗ ನೋಡಿದೆ. ನೀಲಿ ಡಬ್ಬಿಯಲ್ಲಿ ಗಾಳಗಳನ್ನು ಮೊದಲಿನಂತೆ ತುಂಬಿಟ್ಟಿದ್ದಾರೆ. ಮುಚ್ಚಳ ಹಾಕಿಲ್ಲ. ಕಡಲ ಕಡೆಯಿಂದ ಗಾಳಿ ಬೀಸುತ್ತಿತ್ತು. ಸುತ್ತ ಹುಡುಕಿದೆ, ಮುಚ್ಚಳ ಎಲ್ಲೂ ಇಲ್ಲ.

"ಮಾವ, ಮುಚ್ಚಳ ಎಲ್ಲಿ? ಗಾಳಕ್ಕೆ ತುಕ್ಕು ಹಿಡೀತದೆ."

ಅವರು ಬಲೆಯಿಂದ ಕಣ್ಣೆತ್ತಲಿಲ್ಲ.

"ಹಿಡೀಲಿ ಬಿಡು" ಎಂದರು.