ಹೊಟ್ಟೆ ಚಿಕ್ಕದು ಮಾಡಿಸಿಕೊಳ್ಳುವ ಮೊದಲು

ಶಿವಮೊಗ್ಗದ ವಿನೋಬನಗರದ ಆ ಕ್ಲಿನಿಕ್ಕಿನಲ್ಲಿ ಕೂರಲು ಉದ್ದನೆಯ ಬೆಂಚು ಇತ್ತು. ಅದು ಆ ದಿನ ದೇವರು ನನಗೆ ಮಾಡಿದ ಮೊದಲ ಉಪಕಾರ. ಕೈ ಇರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ನಾನು ಏಳುವಾಗ ಕುರ್ಚಿಯೂ ಜೊತೆಗೇ ಏಳುತ್ತದೆ. ನಾಲ್ಕು ಜನರ ಮುಂದೆ ಅದನ್ನು ಬಿಡಿಸಿಕೊಳ್ಳುವ ಕಷ್ಟ ಪಟ್ಟವರಿಗೇ ಗೊತ್ತು.

ಹೋಗಿದ್ದು ಮಂಡಿ ನೋವಿಗೆ. ಡಾಕ್ಟರು ಮಂಡಿಯನ್ನು ಬಿಟ್ಟು ಶುಗರ್ ಮಾತೆತ್ತಿದರು. ಮಾತ್ರೆ ಎಷ್ಟು ಹೆಚ್ಚಿಸಿದರೂ ಅದು ಹತೋಟಿಗೆ ಬರುತ್ತಿಲ್ಲ, ಈ ತೂಕ ಇಳಿಯದೆ ಬರುವಂತೆಯೂ ಕಾಣುವುದಿಲ್ಲ, ತೂಕ ಇಳಿಸುವ ಆಪರೇಷನ್ ಬಗ್ಗೆ ಯೋಚನೆ ಮಾಡಿ ಎಂದು ಇನ್ನೊಬ್ಬ ಡಾಕ್ಟರ ಬಳಿ ಕಳಿಸಿದರು.

ಆ ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಹೊಟ್ಟೆಯ ದೊಡ್ಡ ಭಾಗವನ್ನೇ ತೆಗೆಯುತ್ತಾರಂತೆ. ತೆಗೆದದ್ದನ್ನು ಮತ್ತೆ ಜೋಡಿಸುವಂತಿಲ್ಲ. ಎಲ್ಲ ಆಪರೇಷನ್‌ಗಳಂತೆ ಇದಕ್ಕೂ ಅಪಾಯ ಇದ್ದೇ ಇದೆ. ಆಮೇಲೆ ಬದುಕಿರುವಷ್ಟು ದಿನ ಸ್ವಲ್ಪವೇ ಊಟ, ವಿಟಮಿನ್ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಬಾಯಿ ಕಟ್ಟದಿದ್ದರೆ ತೂಕ ವಾಪಸ್ ಬರುವುದೂ ಉಂಟು. ಬೇಡ ಅನ್ನಿಸಿದರೆ ಬೇಡ ಎನ್ನಿ, ನನಗೆ ಬೇಜಾರಿಲ್ಲ ಎಂದರು. ನಮ್ಮ ಮನೆಯವರು ಆಟೋದಲ್ಲಿ ಒಂದೇ ಮಾತು ಹೇಳಿದರು: "ಮೈ ನಿಂದು ಕಣೇ, ನೀನೇ ಯೋಚನೆ ಮಾಡು. ಏನೇ ಆದ್ರೂ ನಾನು ಹೊರಗಡೆ ಕೂತಿರ್ತೀನಿ." ಇಂಥ ಗಂಡನನ್ನು ಕೊಟ್ಟದ್ದನ್ನೂ ನಾನು ದೇವರ ಲೆಕ್ಕಕ್ಕೇ ಬರೆಯುತ್ತೇನೆ.

ಆದರೆ ನಿರ್ಧಾರಕ್ಕೆ ಮೊದಲು ಆಹಾರದ ಬಗ್ಗೆ ಹೇಳಿಕೊಡುವ ಹುಡುಗಿಯನ್ನು ನೋಡಬೇಕಿತ್ತು. ಏನೇನು ತಿನ್ನುತ್ತೀರಿ ಎಂದು ಕೇಳಿದಳು. ನಾನು ಹೆಮ್ಮೆಯಿಂದಲೇ ಹೇಳಿದೆ: ಸೋಮವಾರ ಉಪವಾಸ, ಶನಿವಾರ ಒಪ್ಪತ್ತು, ಏಕಾದಶಿ, ಸಂಕಷ್ಟಿ ಯಾವುದನ್ನೂ ತಪ್ಪಿಸಿದವಳಲ್ಲ, ಆದರೂ ತೂಕ ಇಳಿಯುವುದಿಲ್ಲ.

"ಉಪವಾಸದ ದಿನ ಏನೂ ತಿನ್ನಲ್ವಾ ಅಮ್ಮ?"

"ಅನ್ನ ಮುಟ್ಟಲ್ಲ."

"ಮತ್ತೆ?"

ಮತ್ತೆ ಏನು, ಎಲ್ಲರ ಮನೆಯಲ್ಲಿ ಇರುವುದೇ. ಬೆಳಿಗ್ಗೆ ಕಾಯಿ ಬೆಲ್ಲ ಹಾಕಿದ ಅವಲಕ್ಕಿ, ಎರಡು ಬಾಳೆಹಣ್ಣು. ಮಧ್ಯಾಹ್ನ ತುಪ್ಪದ ಉಪ್ಪಿಟ್ಟು, ಅನ್ನ ಇಲ್ಲವಲ್ಲ ಎಂದು ತುಸು ಹೆಚ್ಚೇ. ಸಂಜೆ ಸುಸ್ತಾಗಬಾರದೆಂದು ಸಾಬಕ್ಕಿ ಪಾಯಸ. ರಾತ್ರಿ ಹಾಲು, ಖರ್ಜೂರ. ಹೇಳುತ್ತಾ ಹೇಳುತ್ತಾ ನನ್ನ ದನಿ ತಾನಾಗೇ ತಗ್ಗಿತು. ಅವಳು ನಗಲಿಲ್ಲ, ಅದು ಅವಳ ದೊಡ್ಡತನ. ನಿಮ್ಮ ಉಪವಾಸಕ್ಕಿಂತ ಊಟದ ದಿನವೇ ಹಗುರವಾಗಿದೆ ಅಮ್ಮ ಎಂದಳು, ಅಷ್ಟೇ. ಕೊನೆಗೆ ನಾನೇ ನಕ್ಕೆ. ಈಶ್ವರ ಎಂದಾದರೂ ನನ್ನಿಂದ ಉಪ್ಪಿಟ್ಟು ಕೇಳಿದ್ದನೇ?

ನಗು ನಿಂತ ಮೇಲೆ ಅವಳು ಮುಖ್ಯವಾದದ್ದನ್ನು ಹೇಳಿದಳು. ಹೊಟ್ಟೆ ಚಿಕ್ಕದಾದರೂ ಮೆತ್ತಗಿನ ಸಿಹಿ ಪದಾರ್ಥ ಸ್ವಲ್ಪ ಸ್ವಲ್ಪವೇ ದಿನವಿಡೀ ಒಳಗೆ ಇಳಿಯುತ್ತದೆ, ಆಪರೇಷನ್ನು ಅದನ್ನು ತಡೆಯುವುದಿಲ್ಲ. "ಬೇಡ ಅನ್ನೋಕೆ ನಿಮಗೆ ಬರುತ್ತಾ ನೋಡ್ಕೊಳ್ಳಿ ಅಮ್ಮ. ಮನೇಲಿ ಅಲ್ಲ, ನಾಲ್ಕು ಜನರ ನಡುವೆ. ಆಮೇಲೆ ಬನ್ನಿ."

ಮನೆಯಲ್ಲಿ ಅಭ್ಯಾಸ ಮಾಡಿದೆ. ಚಿಕ್ಕ ತಟ್ಟೆ, ನಿಧಾನವಾಗಿ ಅಗಿಯುವುದು, ಊಟದ ನಡುವೆ ನೀರು ಕುಡಿಯದಿರುವುದು. ಉಪವಾಸದ ದಿನ ಮಜ್ಜಿಗೆ, ಒಂದು ಹಣ್ಣು. ಮಾತ್ರೆಗೆ ತೊಂದರೆ ಆಗದಂತೆ ಡಾಕ್ಟರನ್ನು ಕೇಳಿಯೇ ಮಾಡಿದೆ. ಇದೆಲ್ಲ ಸಾಧ್ಯವಾಯಿತು. ಅಷ್ಟರಲ್ಲಿ ಭದ್ರಾವತಿಯ ಜನ್ನಾಪುರದಿಂದ ಅಕ್ಕನ ಫೋನ್ ಬಂತು, ಸತ್ಯನಾರಾಯಣ ಪೂಜೆಗೆ ಬಾ ಎಂದು. ಅಕ್ಕನ ಮನೆಯ ಊಟವೆಂದರೆ ಪರೀಕ್ಷೆಯೇ. ಅವಳು ಬಡಿಸಲು ನಿಂತರೆ, 'ಸಾಕು' ಎಂಬ ಮಾತು ಅವಳ ಕಿವಿಗೆ ಬೀಳುವುದಿಲ್ಲ.

ಬಸ್ಸಿಳಿದು ಹೋದವಳನ್ನು ಅಕ್ಕ ಅಡಿಗೆಮನೆಯಲ್ಲೇ ಹಿಡಿದುಕೊಂಡಳು. ಆಪರೇಷನ್ ಸುದ್ದಿ ಅವಳಿಗೆ ಮುಟ್ಟಿತ್ತು. ಯಾರಿಗೋ ಮಾಡಿಸಿದ ಮೇಲೆ ಕೂದಲೆಲ್ಲ ಉದುರಿತಂತೆ ಎಂದಳು. ಸ್ವಲ್ಪ ದಿನ ಉದುರುತ್ತದೆ, ಮತ್ತೆ ಬರುತ್ತದೆ, ಡಾಕ್ಟರು ಹೇಳಿದ್ದಾರೆ ಎಂದೆ.

"ದೇವರು ಕೊಟ್ಟ ಹೊಟ್ಟೆ ಕೊಯ್ಸ್ಕೊಳ್ಳೋ ಅಂಥದ್ದು ಏನಾಗಿದೆ ಮಾರಾಯ್ತಿ ನಿಂಗೆ? ಅಮ್ಮ ಇರ್ಲಿಲ್ವಾ ದಪ್ಪಗೆ?"

"ಇದ್ರು ಅಕ್ಕ. ಕೊನೇಲಿ ಶುಗರ್‌ಗೆ ಕಣ್ಣು ಹೋಯ್ತಲ್ಲ. ದೀಪ ಹಚ್ಚಿದ್ದೀರೇನ್ರೇ ಅಂತ ದಿನಾ ಕೇಳೋರು. ನಂಗೆ ದೀಪ ನನ್ನ ಕಣ್ಣಲ್ಲೇ ನೋಡ್ಬೇಕು."

ಅಕ್ಕ ಒಲೆಯ ಕಡೆ ತಿರುಗಿ ಸಜ್ಜಿಗೆ ತಿರುವತೊಡಗಿದಳು.

ಪೂಜೆ ಮುಗಿದು ಎಲೆ ಹಾಕಿದರು. ಮಂಡಿ ನೋವಿನವರೇ ಹೆಚ್ಚಾದ್ದರಿಂದ ಎಲ್ಲರಿಗೂ ಟೇಬಲ್ಲಿನ ಮೇಲೇ ಎಲೆ, ಕೂರಲು ಕೈ ಇಲ್ಲದ ಕುರ್ಚಿ. ಎಲೆಯಲ್ಲಿ ಅನ್ನ ಬಿಡುವುದು ನಮ್ಮಲ್ಲಿ ಪಾಪ, ಬಿದ್ದದ್ದನ್ನು ತಿನ್ನಲೇಬೇಕು. ಹಾಗಾಗಿ ಬೇಡ ಎನ್ನುವುದಾದರೆ ಬೀಳುವ ಮೊದಲೇ ಎನ್ನಬೇಕು. ಅಕ್ಕ ಸಜ್ಜಿಗೆಯ ಪಾತ್ರೆ ಹಿಡಿದು ಬಂದಳು. ನಾನು ಎಲೆಗೆ ಎರಡೂ ಕೈ ಅಡ್ಡ ಹಿಡಿದೆ. ವ್ರತದ ಮನೆಯ ಪ್ರಸಾದಕ್ಕೆ ಕೈ ಅಡ್ಡ ಮಾಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಸಾಲಿನವರೆಲ್ಲ ನೋಡುತ್ತಿದ್ದರು. ಆದರೂ ಕೈ ತೆಗೆಯಲಿಲ್ಲ.

"ಚಿಟಿಕೆ ಕೊಡು ಅಕ್ಕ. ಚಿಟಿಕೆಯಾದ್ರೂ ಪ್ರಸಾದವೇ."

ಅಕ್ಕ ಪಾತ್ರೆಯನ್ನು ಟೇಬಲ್ಲಿನ ಮೇಲಿಟ್ಟಳು. ಆಮೇಲೆ ಸೌಟು ಬಿಟ್ಟು ಬೆರಳಲ್ಲಿ ತೆಗೆದು ನನ್ನ ಅಂಗೈಗೆ ಇಟ್ಟಳು. ಕಣ್ಣಿಗೊತ್ತಿಕೊಂಡು ತಿಂದೆ. ಆಮೇಲೆ ಒಂದು ಹಿಡಿ ಅನ್ನ, ಪಲ್ಯ, ಕೋಸಂಬರಿ. ಕಲಿತಂತೆ ನಿಧಾನವಾಗಿ ಅಗಿಯುತ್ತಾ ಕೂತೆ. ಉಳಿದವರ ಊಟ ಮುಗಿದೇ ಹೋಯಿತು. ಪಂಕ್ತಿಯಲ್ಲಿ ಒಬ್ಬರ ಊಟ ಮುಗಿಯದೆ ಇನ್ನೊಬ್ಬರು ಏಳುವಂತಿಲ್ಲ. ನಾಲ್ಕಾರು ಜನ ಒಣಗಿದ ಕೈ ನೋಡಿಕೊಳ್ಳುತ್ತಾ ಕುಳಿತಿದ್ದರು, ಒಬ್ಬರು ಕುರ್ಚಿ ಹಿಂದಕ್ಕೆ ಸರಿಸಿಯೂ ಬಿಟ್ಟರು. ನನಗೆ ಬೇಗ ನುಂಗಿಬಿಡುವ ಆಸೆ ಆಯಿತು.

"ಯಾರೂ ಏಳ್ಬೇಡಿ," ಅಂದಳು ಅಕ್ಕ. "ನನ್ನ ತಂಗಿ ಊಟ ಆಗಿಲ್ಲ."

ನಾನು ನುಂಗುವ ಅವಸರ ಬಿಟ್ಟೆ. ತೂಕ ಇಳಿಸುವುದು ಡಾಕ್ಟರ ಕೈಯಲ್ಲಿ, ಭಗವಂತನ ಕೈಯಲ್ಲಿ ಇದ್ದೀತು. ಸಾಲಿನ ನಡುವೆ ಕೂತು ಚಿಕ್ಕ ಊಟ ಮಾಡುವುದು ನನ್ನ ಕೈಯಲ್ಲಿದೆ, ಅದು ನನ್ನಿಂದ ಆಗುತ್ತದೆ ಎಂದು ಆ ಕುರ್ಚಿಯಲ್ಲೇ ಖಾತ್ರಿಯಾಯಿತು. ಬೇರೆ ಹೆಂಗಸಿಗೆ ಆಪರೇಷನ್ ಬೇಡ ಎಂಬುದೇ ಸರಿಯಾದ ಉತ್ತರವಾಗಿರಬಹುದು. ನನ್ನ ಉತ್ತರ ಸಿಕ್ಕಿತ್ತು.

ಸಂಜೆ ಅಕ್ಕ ಬಸ್ ಸ್ಟಾಪಿನವರೆಗೆ ಬಂದಳು. ಹೆದರಿಕೆ ಆಗಲ್ವೇನೇ ಎಂದು ಕೇಳಿದಳು. ಆಗತ್ತೆ, ಆದ್ರೂ ಮಾಡಿಸ್ಕೋತೀನಿ ಎಂದೆ. ಅವಳು ರಸ್ತೆಯನ್ನೇ ನೋಡುತ್ತಾ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೀರು ನೀರಾದ್ದೇ ಕುಡೀಬೇಕಂತಲ್ಲ, ಬೇಳೆ ಕಟ್ಟು ಎಷ್ಟು ತೆಳ್ಳಗಿರಬೇಕು, ಸೋಸಿ ಕೊಡಬೇಕಾ ಎಂದು ವಿಚಾರಿಸತೊಡಗಿದಳು. ಶಿವಮೊಗ್ಗದ ಬಸ್ಸು ಬಂದು ನಿಂತಿತು. ಇರು, ಮುಂದಿನ ಬಸ್ಸಿಗೆ ಹೋಗ್ತೀನಿ ಎಂದು ನಾನು ಅವಳ ಪಕ್ಕದಲ್ಲೇ ನಿಂತು, ಡಾಕ್ಟರು ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳತೊಡಗಿದೆ.