ಜಡ್ಜ್ ಸಾಮಿಗೂ ಒಂದು ವ್ಯಾಜ್ಯ

ಹೊಸೂರಿನ ಹಳೆಯ ಚರ್ಚಿನಲ್ಲಿ ಬಾಗಿಲು ತೆಗೆಯುತ್ತ, ಗಂಟೆ ಹೊಡೆಯುತ್ತ ನಾನು ಮುದುಕನಾದೆ. ಅಲ್ಲಿನ ಪಕ್ಕದ ಕೋಣೆಯಲ್ಲಿ ಇಂಗ್ಲಿಷ್ ದೊರೆಗಳು ಬಿಟ್ಟುಹೋದ ಒಂದು ಚಿತ್ರವಿದೆ. ತಲೆಗೆ ಸುರುಳಿಗೂದಲಿನ ಬಿಳಿ ವಿಗ್ಗು, ಕರಿ ನಿಲುವಂಗಿ, ಕೊರಳಲ್ಲಿ ಎರಡು ಬಿಳಿ ಪಟ್ಟಿ. ಸಿನಿಮಾದಲ್ಲಿ ಕೋರ್ಟು ನೋಡಿದವರಿಗೆಲ್ಲ ಅದು ಜಡ್ಜ್ ಎಂದೇ ಕಾಣುತ್ತದೆ. ಎದುರಿನ ಕೋರ್ಟಿಗೆ ಬಂದ ಹಳ್ಳಿಯವರು ಇಣುಕಿ, ಕೈಮುಗಿದು, ನಿಂಬೆಹಣ್ಣು ಇಟ್ಟು ಹೋಗುವುದು ರೂಢಿಯಾಯಿತು. ನಾನು ತಡೆಯಲಿಲ್ಲ. "ಹೌದು, ದೊಡ್ ಜಡ್ಜು" ಎಂದು ನಾನೇ ಹೇಳುತ್ತಿದ್ದೆ. ಆಗ ನನ್ನನ್ನೂ ಅವರು ಸ್ವಲ್ಪ ದೊಡ್ಡವನಂತೆ ನೋಡುತ್ತಿದ್ದರು.

ಡೆಂಕಣಿಕೋಟೆ ಕಡೆಯ ಒಬ್ಬ ಹೆಂಗಸು, ಗಂಡ ತೀರಿಕೊಂಡವಳು, ಹೊಲಕ್ಕಾಗಿ ಮೈದುನನ ಮೇಲೆ ಕೇಸು ಹಾಕಿದ್ದಳು. ಮೈದುನ ರಾಜಿಗೆ ಬಂದಿದ್ದ. ಅರ್ಧ ಹೊಲ, ಬಾವಿ ನೀರಿನಲ್ಲಿ ಪಾಲು.

"ಒಪ್ಕಳ್ಲಾ, ಬ್ಯಾಡ್ವಾ? ನಿಮ್ ಜಡ್ಜ್ ಸಾಮೀನ ಕೇಳಿ ಯೋಳು ತಾತ" ಅಂದಳು.

ಚಿತ್ರದ ಕಡೆ ನೋಡಿ, "ಬಿಡ್ಬ್ಯಾಡ ಅಂತಾರೆ ಕಣವ್ವ" ಅಂದುಬಿಟ್ಟೆ. ಅವಳು ರಾಜಿಗೆ ಒಪ್ಪಲಿಲ್ಲ.

ಈ ವರ್ಷ ಬಂದ ಹೊಸ ಪಾದ್ರಿಗಳು ಚಿತ್ರದಡಿಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರು. ಇಷ್ಟು ಕಾಲ ಧೂಳು ಒರೆಸಿದ ಮುಖ ಯಾರದೆಂದು ತಿಳಿಯುವ ಆಸೆಗೆ ನಾನೂ ಪಕ್ಕ ಹೋಗಿ ನಿಂತೆ.

"ಜಡ್ಜ್ ಅಲ್ಲಪ್ಪಾ, ಡೀನ್. ಇನ್ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಲ್ಲಿ ಒಂದು ಕೆಥೆಡ್ರಲ್, ಅಂದ್ರೆ ಬಿಷಪ್ಪರ ದೊಡ್ಡ ಚರ್ಚಿನ ಆಡಳಿತ ನೋಡ್ಕೊಂಡಿದ್ದ ಪಾದ್ರಿ."

ಸಣ್ಣ ಊರಿನಲ್ಲಿ ಶುರುಮಾಡಿ, ಜಮೀನ್ದಾರನೊಬ್ಬನ ಮಕ್ಕಳಿಗೆ ಪಾಠ ಹೇಳಿ, ಅವನ ಶಿಫಾರಸಿನಿಂದ ಡೀನ್ ಆದವನಂತೆ. ಸೋರುವ ಚಾವಣಿ ಕಟ್ಟಿಸಿದನಂತೆ, ಸಂಗೀತವೆಂದರೆ ಪ್ರಾಣವಂತೆ. ಹಡಗು ಹತ್ತಿ ನಮ್ಮ ದೇಶಕ್ಕೆ ಬಂದವನೇ ಅಲ್ಲ.

"ಅದಲ್ಲದೆ, ಅವನೇ ಕೋರ್ಟಿಗೆ ಅಲೆದವನು" ಎಂದು ಪಾದ್ರಿಗಳು ನಕ್ಕರು. ಕೆಥೆಡ್ರಲ್‌ನಲ್ಲಿ ಯಾರ ಮಾತು ನಡೆಯಬೇಕೆಂದು ಬಿಷಪ್ಪರ ಮೇಲೆ ದಾವೆ ಹೂಡಿ, ವರ್ಷಗಟ್ಟಲೆ ಎಳೆದಾಡಿ, ಹಲ್ಲು ಬಿದ್ದ ಮೇಲೆ ರಾಜಿಯಾದನಂತೆ. ನನಗೆ ನಗು ಬರಲಿಲ್ಲ.

ಮುಂದಿನ ವಾಯಿದೆಗೆ ಆ ಹೆಂಗಸು ಬಂದಾಗ, ಚಿತ್ರದವನು ಜಡ್ಜಲ್ಲ, ತಾನೇ ಕೋರ್ಟಿಗೆ ಅಲೆದವನು ಎಂದು ಹೇಳಿದೆ. ಅಂದು ಮಾತಾಡಿದ್ದು ನಾನೇ ಎಂದೂ ಹೇಳಿದೆ.

"ನಿನ್ ಬಾಯಿಗ್ ಮಣ್ಣಾಕ!" ಅಂದಳು. ಆಮೇಲೆ ಚಿತ್ರದ ಕಡೆ ತಿರುಗಿ ಕೇಳಿದಳು, "ಇವ್ರ ಕೇಸು ಏನಾಯ್ತು?"

"ರಾಜಿ."

"ಇಷ್ಟ್ ದೊಡ್ ಮನ್ಸಂಗೇ ಅಲೆಯಕ್ಕಾಗ್ನಿಲ್ವಾ!"

ಮೆಟ್ಟಿಲ ಮೇಲೆ ಕೂತು ಮೈದುನನಿಗೆ ಫೋನು ಮಾಡಿದಳು. ಅರ್ಧ ಹೊಲಕ್ಕೆ ಅವನು ಈಗಲೂ ಒಪ್ಪಿದ. ಬಾವಿಗೆ ಒಪ್ಪಲಿಲ್ಲ; ಅಷ್ಟರಲ್ಲಿ ಅದಕ್ಕೆ ಮೋಟರು ಇಳಿಸಿದ್ದ. ತರಕಾರಿ ಬೆಳೆಯಬೇಕೆಂದಿದ್ದವಳು ಈಗ ಮಳೆ ನಂಬಿ ರಾಗಿ ಹಾಕುತ್ತಾಳೆ. ಆ ನೀರು ನನ್ನಿಂದ ಹೋದದ್ದು.

ನಿಂಬೆಹಣ್ಣು ತಂದವರಿಗೆ ಈಗ ಡೀನ್ ಕಥೆ ಹೇಳುತ್ತೇನೆ. ಕೆಲವರು ಹಣ್ಣನ್ನು ವಾಪಸು ಜೇಬಿಗೆ ಹಾಕಿಕೊಳ್ಳುತ್ತಾರೆ. ಕೆಲವರು ಎಲ್ಲ ಕೇಳಿಸಿಕೊಂಡೂ ಇಟ್ಟೇ ಹೋಗುತ್ತಾರೆ.