ಕರೆಯದೆಯೇ ಕೈಹಚ್ಚುವ ಊರು

ಆಸ್ಪತ್ರೆಯ ಹುಡುಗಿಯರು ಚಹಾ ಬೇಕಾ ಎಂದು ಕೇಳಿದರು. ಮರ್ಯಾದೆಗೆ ಬೇಡ ಎಂದೆ. ಸರಿ ಎಂದು ಕಪ್ಪನ್ನೇ ಎತ್ತಿಕೊಂಡು ಹೋಗಿಬಿಟ್ಟರು! ಗಂಟಲು ಒಣಗಿತ್ತು, ಹೊರಗೆ ಹಿಮ ಬೀಳುತ್ತಿತ್ತು. ನಮ್ಮ ಶಿಗ್ಗಾಂವದಲ್ಲಾಗಿದ್ದರೆ ಇನ್ನೆರಡು ಸಲ ಒತ್ತಾಯ ಮಾಡಿ ಕಪ್ಪನ್ನು ಕೈಗೇ ತುರುಕುತ್ತಿದ್ದರು. ಇದೆಂಥಾ ಊರಪ್ಪಾ ಎಂದುಕೊಂಡೆ.

ಅರವತ್ತರ ದಶಕದ ಆರಂಭದಲ್ಲಿ ನಾನು ನರ್ಸಿಂಗ್ ಕಲಿಯಲು ಇಂಗ್ಲಂಡಿನ ಉತ್ತರ ಭಾಗದ ಒಂದು ಗಿರಣಿ ಊರಿಗೆ ಬಂದೆ. ಮೊದಲ ಮೂರು ತಿಂಗಳು ಪರೀಕ್ಷೆಯ ಕಾಲ. ಆಮೇಲೆ ಇಟ್ಟುಕೊಳ್ಳುವುದೋ ವಾಪಸು ಕಳಿಸುವುದೋ ಆಸ್ಪತ್ರೆಯ ನರ್ಸುಗಳಿಗೆಲ್ಲ ಮೇಲಿನವಳಾದ ಮೇಟ್ರನ್ ಕೈಯಲ್ಲಿ. ಹೊರಡುವ ದಿನ ನಮ್ಮ ಕಾಕಾ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಮಂದಿಯ ಎದುರಿಗೆ, “ಮಂದಿ ಹೇಲು-ಉಚ್ಚಿ ಬಳಿಯಾಕ ಸಮುದ್ರ ದಾಟಿ ಹೊಂಟೀಯೇನ? ಮೂರು ತಿಂಗಳದಾಗ ತಿರುಗಿ ಬರ್ತಿ, ನೋಡ” ಎಂದಿದ್ದ. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿ, “ಯಾರ ಮಾತೂ ಕೇಳಬ್ಯಾಡ. ಗೆದ್ದು ಬಾ” ಅಂದಿದ್ದಳು. ನಾನು ವಾಪಸು ಹೋದರೆ ಕಾಕಾ ಮೀಸೆ ತಿರುವುತ್ತಾನೆ, ಅವ್ವ ತಲೆ ತಗ್ಗಿಸುತ್ತಾಳೆ. ಅದಂತೂ ಆಗಕೂಡದು.

ಆದರೆ ದಿನಾ ಒಂದೇ ತಪ್ಪು ಮಾಡುತ್ತಿದ್ದೆ. ನಮ್ಮಲ್ಲಿ ಪರರ ಅಡುಗೆಮನೆಗೆ ಹೋದಾಗ, ಮನೆಯ ಹಿರಿಯಾಕೆ “ಬಾರವ್ವ, ಕೈ ಹಚ್ಚ” ಎನ್ನುವ ತನಕ ಏನನ್ನೂ ಮುಟ್ಟುವುದಿಲ್ಲ. ಇಲ್ಲೂ ಹಾಗೆಯೇ. ನನಗೆ ಒಪ್ಪಿಸಿದ ಕೆಲಸ ಮುಗಿಸಿ ವಾರ್ಡಿನ ಅಡುಗೆಕೋಣೆಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದೆ. ಉಳಿದ ಹುಡುಗಿಯರು ಪಾತ್ರೆ ತೊಳೆಯುತ್ತಿದ್ದರು. ಅವರು ಕರೆಯಲೆಂದು ನಾನು ಕಾಯುತ್ತಿದ್ದರೆ, ಇವಳಿಗೆ ಎಂಥ ಧಿಮಾಕು ಎಂದು ಅವರು ಗೊಣಗುತ್ತಿದ್ದರು.

ಕೊನೆಗೆ ನನ್ನ ಜೊತೆ ಕಲಿಯುತ್ತಿದ್ದ ಮೋರೀನ್ ಮುಖಕ್ಕೆ ಹೊಡೆದಂತೆ ಹೇಳಿದಳು: ಎಲ್ಲರೂ ನಿನ್ನನ್ನು ‘ಸ್ಟಕ್-ಅಪ್’ ಅನ್ನುತ್ತಾರೆ, ‘ಮಕ್ ಇನ್’ ಮಾಡು. ಎರಡೂ ನಮ್ಮ ಶಾಲೆಯ ಪಾಠದಲ್ಲಿ ಇರಲಿಲ್ಲ. ಮೊದಲನೆಯದೆಂದರೆ ಸೊಕ್ಕಿನವಳು, ತಾನೇ ದೊಡ್ಡಾಕೆ ಅಂದುಕೊಂಡವಳು. ಬೆನ್ನ ಹಿಂದೆ ಆಡುವ ಮಾತು. ಎರಡನೆಯದು, ಕೈ ಕೊಳೆಯಾದೀತೆಂದು ನೋಡದೆ ಎಲ್ಲರೊಡನೆ ಕೆಲಸಕ್ಕೆ ಇಳಿಯುವುದು. ಗೆಳತಿಯರ ನಡುವೆ ನಡೆಯುತ್ತದೆ, ಮೇಟ್ರನ್ ಎದುರಿಗೆ ಬಳಸುವಂಥದ್ದಲ್ಲ. ಮೋರೀನಳ ಬೈಗುಳವನ್ನು ನಮ್ಮ ಮಾತಿಗೆ ಇಳಿಸಿದರೆ ಇಷ್ಟೇ: “ಕರೀಲಿ ಅಂತ ಯಾಕ ನಿಂತೀ, ಖೋಡಿ? ಸೊಂಟಾ ಕಟ್ಟಿ ಬಂದು ಕೈ ಹಚ್ಚ!”

ಸೊಕ್ಕು? ನನಗೆ? ಸಿಟ್ಟೂ ಬಂತು, ಅಳುವೂ ಬಂತು.

ಮೂರು ತಿಂಗಳು ತುಂಬುವ ವಾರ ಚಳಿಗೆ ನೀರಿನ ಪೈಪು ಒಡೆದು ಅಡುಗೆಕೋಣೆ ಕೆರೆಯಾಯಿತು. ರೋಗಿಗಳ ನಾಷ್ಟಾದ ಹೊತ್ತು. ಯಾರೂ ನನ್ನನ್ನು ಕರೆಯಲಿಲ್ಲ. ನಾನೂ ಕಾಯಲಿಲ್ಲ. ಬೂಟು, ಕಾಲುಚೀಲ ಕಳಚಿ ಎಸೆದೆ. ಹೊಲಕ್ಕಿಳಿಯುವ ಹೆಂಗಸರಂತೆ ಯೂನಿಫಾರ್ಮನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ ನೀರಿಗಿಳಿದೆ. ಬಕೆಟ್ಟು ಕೈಯಿಂದ ಕೈಗೆ ದಾಟಿಸಲು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದೆ. ಅವಸರಕ್ಕೆ ಬಾಯಿಗೆ ಕನ್ನಡವೇ ಬಂತು: “ಲಗೂ ತರ್ರಿ! ಏ, ಸುಮ್ನ ನಿಂದ್ರಬ್ಯಾಡ್ರಿ, ಮುಂದ ಸರೀರಿ!” ದೇವರಾಣೆ, ಎಲ್ಲರಿಗೂ ಅರ್ಥವಾಯಿತು. ರೋಗಿಗಳ ಗಂಜಿ ತಡವಾಗಲಿಲ್ಲ. ಆಮೇಲೆ ನಾನೇ ಕೈಚಾಚಿ ಚಹಾ ಬಗ್ಗಿಸಿಕೊಂಡೆ, ಕೇಳದೆ ಎರಡನೆಯ ಬ್ರೆಡ್ಡನ್ನೂ ಎತ್ತಿಕೊಂಡೆ. ಮೋರೀನ್ ಬಿದ್ದು ಬಿದ್ದು ನಕ್ಕಳು.

ಆ ವಾರದ ಕೊನೆಗೆ ಮೇಟ್ರನ್ ಕರೆಸಿದಳು. ಆಕೆಯ ಪಕ್ಕ ನಿಂತಿದ್ದ, ನಮ್ಮ ವಾರ್ಡಿನ ಉಸ್ತುವಾರಿ ನೋಡುವ ಸಿಸ್ಟರ್ ಯಾವ ಮುಲಾಜೂ ಇಲ್ಲದೆ, ಈ ಹುಡುಗಿ ಚೆನ್ನಾಗಿ ‘ಮಕ್ ಇನ್’ ಮಾಡುತ್ತಾಳೆ ಎಂದಳು. ಮೇಟ್ರನ್ ತಲೆಯಾಡಿಸಿ ಸಹಿ ಹಾಕಿದಳು. ನಾನು ಉಳಿದೆ!

ವಾರ್ಡಿಗೆ ಓಡಿದೆ. ಆ ಸುದ್ದಿಯನ್ನು ಇಂಗ್ಲಿಷಿನಲ್ಲಿ ಹೇಳಿದರೆ ನನಗೆ ಸಮಾಧಾನವಾಗುವಂತಿರಲಿಲ್ಲ. ಸೊಂಟ ಮುರಿದು ಮಲಗಿದ್ದ ಒಬ್ಬ ಮುದುಕಿಯ ಕೈ ಹಿಡಿದು, “ನಾ ಗೆದ್ದೇನಿ ಯವ್ವಾ! ಕಾಕಾಗ ಹೇಳ, ನಾ ವಾಪಸ್ ಬರಂಗಿಲ್ಲ!” ಎಂದು ಕೂಗಿದೆ. ಆಕೆಗೆ ಒಂದಕ್ಷರ ತಿಳಿಯಲಿಲ್ಲ. ಆದರೂ ನನ್ನ ಕೆನ್ನೆ ಸವರಿ ತಾನೂ ನಕ್ಕಳು. ವಾಪಸ್ ಬರಂಗಿಲ್ಲ ಎಂದು ನಾನು ಹೇಳಿದ್ದು ‘ಗೆದ್ದು ಬಾ’ ಅಂದವಳಿಗೆ ಎಂಬುದು ಆಗ ನನಗೇ ಹೊಳೆಯಿತು. ನಗುತ್ತಿದ್ದವಳು ಆ ಮುದುಕಿಯ ಮಂಚದ ಮೇಲೆಯೇ ಕುಸಿದು ಕೂತು, ಅವ್ವಾ ಎಂದು ಬಿಕ್ಕಿ ಬಿಕ್ಕಿ ಅತ್ತೆ.